ಕಟ್ಟಿಗೆಹೊಟ್ಟಿನ ಅರಮನೆ

ಕಿನ್ನಾಳದ ಚಿತ್ರಗಾರ ಹಂಪಣ್ಣ ಸಿಟ್ಟು ಬಂದಾಗ ಉಳಿ ಕೆಳಗಿಡುತ್ತಿರಲಿಲ್ಲ, ಹಿಡಿದುಕೊಂಡೇ ಬೈಯುತ್ತಿದ್ದ. ಅದಕ್ಕೇ ಓಣಿಯವರು ಅವನೊಡನೆ ಮಾರು ದೂರ ನಿಂತು ಮಾತಾಡುತ್ತಿದ್ದರು. ಹೆದರದವಳು ಹೆಂಡತಿ ಕಳಕಮ್ಮ ಒಬ್ಬಳೇ.

ಹೈದರಾಬಾದಿನಲ್ಲಿ ನಿಜಾಮರ ಬೆಳ್ಳಿಹಬ್ಬ ನಡೆದ ವರ್ಷ ಅವಳಿಗೆ ಲಕ್ವಾ ಹೊಡೆದು ಬಲಮಗ್ಗುಲು ಬಿದ್ದುಹೋಯಿತು. ಪಡಸಾಲೆಯಲ್ಲೇ ಹಾಸಿಗೆ ಹಾಕಿದರು. ಗಂಡ ಬೊಂಬೆ ಕೆತ್ತುವುದನ್ನು ನೋಡುತ್ತಾ ಮಲಗಿರುತ್ತಿದ್ದಳು. ಏನು ಬೇಕು ಹೇಳು ಎಂದು ಅವನು ಕೇಳಿಯೇ ಕೇಳಿದ. ಕೊನೆಗೆ ಒಮ್ಮೆ ಅವಳು, “ನನ್ನ ಅರಮನಿ ನೋಡಬೇಕಾಗೇತಿ ನೋಡ್ರಿ,” ಅಂದಳು.

ಯಾವ ಅರಮನೆ ಎಂಬುದು ಹಂಪಣ್ಣನಿಗೆ ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ ಅಷ್ಟೆ. ಕಳಕಮ್ಮನ ತವರು ಆನೆಗೊಂದಿ. ಅವಳ ಅಪ್ಪ ಬಣ್ಣದ ಕುಂಚ ಬಿಟ್ಟು, ಹೊಳೆಯಾಚೆ ಹಂಪೆಯ ಹಾಳು ರಾಜಧಾನಿಯ ನಡುವೆ ಬಾಳೆತೋಟ ಮಾಡಿಕೊಂಡಿದ್ದ. ತೋಟದ ಬದಿಗೆ ಅರಮನೆಯೊಂದರ ಕಲ್ಲುಕಟ್ಟೆ ಇತ್ತು. ಮೇಲೆ ಗೋಡೆಯಿಲ್ಲ, ಸೂರಿಲ್ಲ, ಬರೀ ಕಟ್ಟೆ. ಅದರ ಮೇಲೆ ಆಡಿ ಬೆಳೆದ ಹುಡುಗಿ ಅದನ್ನು ತನ್ನ ಅರಮನೆ ಎಂದೇ ಕರೆಯುತ್ತಿದ್ದಳು.

ಆನೆಗೊಂದಿಗೆ ಹಂಪಣ್ಣ ಮದುವೆಯ ದಿನದಿಂದ ಕಾಲಿಟ್ಟಿರಲಿಲ್ಲ. ಅಂದು ಪಂಕ್ತಿಯಲ್ಲಿ ಕಳಕಮ್ಮನ ತಮ್ಮ ಉಮಾಪತಿ, ನಮ್ಮಕ್ಕನಿಗೆ ಇನ್ನು ಮೇಲೆ ಕಟ್ಟಿಗೆಹೊಟ್ಟೇ ಊಟ ಎಂದು ಎಲ್ಲರೆದುರು ನಕ್ಕಿದ್ದ. ಬೊಂಬೆ ಮಾಡುವವನ ಬಡತನವನ್ನು ಆಡಿಕೊಂಡನೆಂದು ಹಂಪಣ್ಣ ಎಂಜಲುಗೈಯಲ್ಲೇ ಎದ್ದು ಹೊರಟುಬಿಟ್ಟ. ತವರಿಗೆ ಹೋಗಬೇಡವೆಂದು ಹೆಂಡತಿಗೆ ಅವನು ಎಂದೂ ಹೇಳಲಿಲ್ಲ. ಗಂಡ ಉಣ್ಣದ ಮನೆಯಲ್ಲಿ ತಾನೂ ಉಣ್ಣುವುದಿಲ್ಲವೆಂದು ಅವಳೇ ನಿಂತುಬಿಟ್ಟಳು. ಅಪ್ಪ ಸತ್ತಾಗ ಹೋಗಿ, ಮಣ್ಣು ಮುಗಿಸಿ, ಅದೇ ದಿನ ತಿರುಗಿ ಬಂದಿದ್ದಳು.

ಈಗ ಚಕ್ಕಡಿಯ ಕುಲುಕಾಟ ಅವಳ ಮೈ ತಾಳುವುದಿಲ್ಲವೆಂದು ಹಕೀಮರು ಹೇಳಿದ್ದರು. ಹಾಗಾದರೆ ಅರಮನೆಯನ್ನೇ ಪಡಸಾಲೆಗೆ ತರುತ್ತೇನೆ ಎಂದು ಹಂಪಣ್ಣ ಹಗುರ ಮರದ ತುಂಡುಗಳನ್ನು ಮುಂದಿಟ್ಟುಕೊಂಡ. ಹರೆಯದಲ್ಲಿ ಅವನು ಹೈದರಾಬಾದಿಗೆ ಹೋಗಿ ನವಾಬರೊಬ್ಬರ ದೇವಡಿಯೆಂಬ ಮಹಲಿನ ಮಾಳಿಗೆಗೆ ಬಣ್ಣ ಹಚ್ಚಿ ಬಂದವನು. ಅಲ್ಲಿ ಕಂಡದ್ದನ್ನೆಲ್ಲ ಕೆತ್ತಿದ: ಸಾಲು ಕಮಾನು, ಗುಮ್ಮಟ, ಗಚ್ಚಿನ ಹೂಬಳ್ಳಿ, ಅಂಗಳದ ನಡುವೆ ಕಾರಂಜಿ. ಹಾಸಿಗೆಯ ಬದಿಗೆ ತಂದಿಟ್ಟಾಗ ಕಳಕಮ್ಮ ಎಡಗೈಯಿಂದ ಗುಮ್ಮಟ ಸವರಿ ನಕ್ಕಳು.

“ಇದು ನಿಜಾಮರದು. ಭಾಳ ಛಲೋ ಐತಿ. ನನ್ನದಲ್ಲ.”

ಹಂಪಣ್ಣ ಉಳಿ ಎತ್ತಿಕೊಂಡು ಗುಮ್ಮಟಕ್ಕೆ ಬೈದ, ಮರಕ್ಕೆ ಬೈದ, ಹೈದರಾಬಾದಿಗೂ ಬೈದ. ನಡುನಡುವೆ ನಿನ್ನದು ಹೆಂಗಿತ್ತು ಎಂದು ಕೇಳಿದ. ಅದನ್ನು ಬಾಯಲ್ಲಿ ಹೇಳಲು ಅವಳಿಗಾಗಲಿಲ್ಲ. ಹಾಳೂರಿನ ಅಷ್ಟೊಂದು ಕಟ್ಟೆಗಳಲ್ಲಿ ಅವಳದು ಯಾವುದೆಂದು ತೋರಿಸಬಲ್ಲವನು ಉಮಾಪತಿ ಒಬ್ಬನೇ. ಮರುದಿನ ಹಂಪಣ್ಣ ಅವಳನ್ನು ನೆರೆಮನೆಯ ಮಾಶಾಬಿಗೆ ಒಪ್ಪಿಸಿ ಆನೆಗೊಂದಿಯ ದಾರಿ ಹಿಡಿದ. ದಾರಿಯುದ್ದಕ್ಕೂ, ಬಾಗಿಲಲ್ಲಿ ಏನಾದರೂ ಅಂದರೆ ಏನು ತಿರುಗಿಸಿ ಅನ್ನಬೇಕೆಂದು ಬಾಯಿಪಾಠ ಮಾಡಿಕೊಂಡ.

ಅದಾವುದೂ ಬೇಕಾಗಲಿಲ್ಲ. ಉಮಾಪತಿ ತಂಬಿಗೆ ಮುಂದೆ ಮಾಡಿ, “ಕಾಲಿಗೆ ನೀರು ತಗೋರಿ ಭಾವ,” ಅಂದ. ಅವನ ಮೀಸೆ ಬೆಳ್ಳಗಾಗಿತ್ತು.

ಹರಗೋಲಿನಲ್ಲಿ ಹೊಳೆ ದಾಟಿದರು. ಬಾಳೆಯ ಸಾಲು ಮುಗಿದಲ್ಲಿ ಕಟ್ಟೆ ಇತ್ತು. ಮೆಟ್ಟಿಲ ಇಕ್ಕೆಲದಲ್ಲಿ ಯಾಳಿ, ಸುತ್ತಲೂ ಪಟ್ಟಿಪಟ್ಟಿಯಾಗಿ ಆನೆ, ಕುದುರೆ, ಕುಣಿಯುವ ಹೆಂಗಸರು. ಮೇಲೆ ಮಾತ್ರ ಹುಲ್ಲು. ಹುಲ್ಲಿನ ನಡುವೆ ಸಾಲು ಹಿಡಿದು ಕಲ್ಲಿನ ಕುಣಿಗಳು. ಕಲ್ಲಿನದೆಲ್ಲ ಉಳಿದು ಮೇಲಿನ ಕಟ್ಟಿಗೆಯ ಅರಮನೆಯನ್ನು ಬೆಂಕಿ ತಿಂದಿತೆಂದು ಅಪ್ಪ ಹೇಳುತ್ತಿದ್ದುದನ್ನು ಉಮಾಪತಿ ಹೇಳಿದ. ಹಂಪಣ್ಣ ಕುಕ್ಕರಗಾಲಲ್ಲಿ ಕುಳಿತು ಒಂದು ಕುಣಿಗೆ ಕೈ ಇಳಿಸಿದ. ಮರದ ಕಂಬ ಕೂತ ಜಾಗ. ಅದರ ದಪ್ಪ ಕೈಗೆ ಸಿಕ್ಕಿತು, ದಪ್ಪದಿಂದ ಎತ್ತರ ಸಿಕ್ಕಿತು, ಎತ್ತರದ ಮೇಲೆ ತೊಲೆ, ತೊಲೆಯ ಮೇಲೆ ಉಪ್ಪರಿಗೆ ತಾನಾಗಿಯೇ ಎದ್ದು ನಿಂತಿತು. ಇದು ತನ್ನ ಕಸುಬಿನವರದೇ ಅರಮನೆ ಎಂದು ಅವನಿಗೆ ಹೊಳೆಯಿತು.

“ಅದೇ ಕುಣ್ಯಾಗ ಅಕ್ಕ ಅಡಿಗಿ ಮಾಡ್ತಿದ್ಲು,” ಅಂದ ಉಮಾಪತಿ. “ಮಣ್ಣಿನ ಸಾರು. ಆಕಿ ರಾಣಿ, ನಾನು ಉಣ್ಣಾಂವ. ಉಣ್ಣಲಿಲ್ಲಂದ್ರ ಬೆನ್ನಿಗೆ ಗುದ್ದು. ಅದಕ್ಕ ಲಗ್ನದಾಗ ಅಂದೆ ಭಾವ, ನನಗ ಮಣ್ಣು ಉಣಿಸಿದಾಕಿಗೆ ಇನ್ನ ಕಟ್ಟಿಗಿಹೊಟ್ಟೇ ಊಟ ಅಂತ. ಪೂರ್ತಿ ಹೇಳೂದ್ರಾಗ ನೀವು ಎದ್ದು ಹೋಗಿದ್ರಿ.”

ಹಂಪಣ್ಣ ಕುಣಿಯಿಂದ ಕೈ ತೆಗೆಯಲಿಲ್ಲ. ಆಮೇಲೆ, ತೋಟದಲ್ಲಿ ಹಣ್ಣು ಏನಾದರೂ ಇದ್ದರೆ ಕೊಡು, ಹಸಿವಾಗಿದೆ ಎಂದ.

ಕಿನ್ನಾಳಕ್ಕೆ ಇಬ್ಬರೂ ಕೂಡಿಯೇ ಬಂದರು. ಉಮಾಪತಿ ಅಕ್ಕನ ಕಾಲ ಬಳಿ ಕೂತವನು ವಾರವಾದರೂ ಏಳಲಿಲ್ಲ. ಹಂಪಣ್ಣ ಕಂಬ ನಿಲ್ಲಿಸಿದ, ಉಪ್ಪರಿಗೆ ಏರಿಸಿದ, ಹುಣಸೆಬೀಜದ ಅಂಟಿನಲ್ಲಿ ಕಟ್ಟಿಗೆಹೊಟ್ಟು ಕಲಸಿ ಆನೆ ಕುದುರೆ ಮೂಡಿಸಿದ. ಕಟ್ಟೆಯ ಮೇಲೆ, ಕಂಬವಿಲ್ಲದೆ ಬಿಟ್ಟ ಒಂದು ಕುಣಿಯ ಬಳಿ, ಹೆಬ್ಬೆರಳಿನಷ್ಟು ಒಬ್ಬ ಹುಡುಗಿಯನ್ನು ಕೂರಿಸಿದ. ಅವಳೆದುರು ಮುಖ ಕಿವುಚಿದ ಒಬ್ಬ ಹುಡುಗ.

ಬೊಂಬೆಗೆ ಕಣ್ಣು ಬರೆಯುವುದು ಕೊನೆಗೆ. ಅದರ ಮೊದಲ ನೋಟ ಅದು ಯಾರದೋ ಅವರ ಮೇಲೆ ಬೀಳಬೇಕೆಂಬುದು ಆ ಮನೆಯ ಪದ್ಧತಿ. ಉಮಾಪತಿ ಅಕ್ಕನನ್ನು ಹಿಂದಿನಿಂದ ತಬ್ಬಿ ಎತ್ತಿ ಕೂರಿಸಿದ. ಹಂಪಣ್ಣ ಉಸಿರು ಬಿಗಿಹಿಡಿದು ಹುಡುಗಿಯ ಕಣ್ಣು ತೆರೆಸಿದ.

ಕಳಕಮ್ಮ ಬಹಳ ಹೊತ್ತು ನೋಡಿದಳು. ಕುಣಿ ನೋಡಿದಳು, ಹುಡುಗನ ಮುಖ ನೋಡಿದಳು. ನಗು ಬಂದು ಸೊಟ್ಟ ಬಾಯಿಯಿಂದ ಜೊಲ್ಲು ಇಳಿಯಿತು. ಹಂಪಣ್ಣ ಹೆಗಲ ವಸ್ತ್ರದಿಂದ ಒರೆಸಿದ.

“ರಾಣಿ ಮನಿಯಾವರು ಕಾಣವಲ್ರಲ್ಲ,” ಅಂದಳು.

“ಸಿಟ್ಟು ಮಾಡ್ಕೊಂಡು ಊಟ ಬಿಟ್ಟು ಎದ್ದು ಹೋಗ್ಯಾನ,” ಅಂದ ಹಂಪಣ್ಣ.

“ಕರ್ಕೊಂಡು ಬರ್ರಿ. ಸಾರು ಆರತೈತಿ.”

ಹಂಪಣ್ಣ ಚೂರುಗಳ ಗುಡ್ಡೆಯಲ್ಲಿ ಕೈಯಾಡಿಸಿ ಒಂದು ಒಳ್ಳೆಯ ತುಂಡು ಆರಿಸಿಕೊಂಡು, ಹಾಸಿಗೆಯ ಬದಿಗೇ ಕೂತು ಕೆತ್ತತೊಡಗಿದ.