ಒರೆಸಿದ ನೀಲಿ

ನಾನು ಹಿತ್ತಲಿಗೆ ಹೋಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ತಂಗಿಯ ಸೊಸೆ ಒದ್ದೆ ಬಟ್ಟೆ ಹಿಡಿದು, ತಂಗಿ ಮರದ ನೆರಳಲ್ಲಿ ಅಂದಕ್ಕೆಂದು ಬೆಳೆಸಿದ್ದ ಪುಟ್ಟ ಹೋಸ್ಟಾ ಗಿಡದ ನೀಲಿ ಎಲೆಗಳನ್ನೆಲ್ಲ ಒರೆಸಿ ಮುಗಿಸಿದ್ದಳು.

"ಎಷ್ಟು ಧೂಳು ಕೂತಿತ್ತು ನೋಡಿ ದೊಡ್ಡತ್ತೆ! ಅತ್ತೆ ಬರೋ ಹೊತ್ತಿಗೆ ಪಳಪಳ ಅನ್ನಲಿ ಅಂತ."

ಧೂಳಲ್ಲ ಅದು. ಗಿಡ ತಾನೇ ಎಲೆ ಮೇಲೆ ಹಚ್ಚಿಕೊಳ್ಳುವ ಮೇಣದಂಥ ಪುಡಿ. ನೀಲಿಯೆಲ್ಲ ಇರುವುದು ಅದರಲ್ಲೇ. ಒರೆಸಿದರೆ ಕೆಳಗೆ ಬರೀ ಹಸಿರು. ಒರೆಸಿದ ಎಲೆಗೆ ಅದು ಮತ್ತೆ ಕೂರುವುದಿಲ್ಲ. ಹೇಳಿದೆ. ಹುಡುಗಿಯ ಮುಖ ಬಿಳಿಚಿಕೊಂಡಿತು.

"ದಮ್ಮಯ್ಯ, ನಾನು ಅಂತ ಹೇಳ್ಬೇಡಿ. ಮೊದಲೇ ನಾನು ಮುಟ್ಟಿದ್ದೆಲ್ಲ ಹಾಳು ಅಂತಾರೆ."

ಹೇಳಲ್ಲ ಅಂದೆ. ಗೇಟಿನ ಸದ್ದಾಯಿತು.

ತಂಗಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಪೊರೆ ಬಂದಾಗಿನಿಂದ ಅವಳಿಗೆ ಎಲ್ಲ ಬಣ್ಣವೂ ಮಾಸಲು. ಬಂದವಳೇ ಮೊದಲು ನನ್ನ ನೀಲಿ ಗಿಡ ನೋಡ್ತೀನಿ ಅಂತ ಹೇಳಿಯೇ ಆಸ್ಪತ್ರೆಗೆ ಹೋಗಿದ್ದಳು. ಚಪ್ಪಲಿಯನ್ನೂ ಬಿಡದೆ ಸೀದಾ ಹಿತ್ತಲಿಗೆ ಬಂದು ಕಪ್ಪು ಕನ್ನಡಕ ತೆಗೆದಳು.

ನೋಡಿದಳು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದಳು.

"ಅಕ್ಕ, ಇದು ಯಾವ ಬಣ್ಣ?"

ನಾನು ಸೊಸೆಯ ಕಡೆ ನೋಡಿದೆ.

"ನಂಗೆ ಹಸಿರು ಕಾಣ್ತಿದೆ." ನನ್ನ ಮೊಣಕೈ ಹಿಡಿದಳು. "ಡಾಕ್ಟರು ಎಲ್ಲಾ ಬಣ್ಣ ಕಾಣುತ್ತೆ ಅಂದಿದ್ರು. ಆಪರೇಷನ್ ಕೆಟ್ಟೋಯ್ತು. ಕಣ್ಣು ಹೋಯ್ತಕ್ಕ."

ಕೊಟ್ಟ ಮಾತು ಹಾಳಾಗಲಿ ಅಂತ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸೊಸೆ ನಮ್ಮಿಬ್ಬರ ನಡುವೆ ಬಂದು ನಿಂತಳು.

"ಕಣ್ಣು ಸರಿಯಾಗಿದೆ ಅತ್ತೆ. ಧೂಳು ಅಂದ್ಕೊಂಡು ನಾನೇ ಒರೆಸ್ಬಿಟ್ಟೆ. ನೀಲಿ ಹೋಯ್ತು."

"ಸಮಾಧಾನಕ್ಕೆ ಸುಳ್ಳು ಹೇಳ್ಬೇಡ."

"ನಿಮ್ಮ ಸಮಾಧಾನಕ್ಕೆ ಅಂತ ಯಾರಾದ್ರೂ ಬೈಸ್ಕೋತಾರಾ?" ಹುಡುಗಿ ಅಳುತ್ತಲೇ ಕೇಳಿದಳು.

ತಂಗಿ ನೆಲಕ್ಕೆ ಕೂತಳು. "ಬಗ್ಗಬಾರದು ಅಂದಿದ್ದಾರಲ್ಲೇ," ಅಂದೆ. ಕೇಳಿಸಿಕೊಳ್ಳಲಿಲ್ಲ. ಗಿಡದ ನಟ್ಟನಡುವೆ, ಬಟ್ಟೆ ತೂರದ ಕಡೆ, ಎಳೆ ಎಲೆಯೊಂದು ಸುರುಳಿ ಅರ್ಧ ಬಿಚ್ಚಿಕೊಂಡು ನಿಂತಿತ್ತು. ಉಳಿದ ಎಲೆಗಳನ್ನು ಪಕ್ಕಕ್ಕೆ ಸರಿಸಿ ಅದನ್ನೇ ನೋಡಿದಳು.

"ನೀಲಿ," ಅಂದಳು. ಇನ್ನೊಂದು ಸಲ ನೋಡಿ, "ನೀಲಿನೇ ಅಕ್ಕ."

ಆಮೇಲೆ ಸೊಸೆಯ ಕಡೆ ತಿರುಗಿದಳು. "ಒಂದೆಲೆನೂ ಬಿಡದೆ ಉಜ್ಜಿದ್ಯಲ್ಲೇ ಪುಣ್ಯಾತ್ಗಿತ್ತಿ! ಕಿಟಕಿ ಒರೆಸು ಅಂದ್ರೆ ಮಾತ್ರ ನಾಲ್ಕೂ ಮೂಲೆ ಬಿಡ್ತೀಯ."

ಬೈಗುಳ ಅಡುಗೆಮನೆಯವರೆಗೂ ನಡೆಯಿತು. ಸೊಸೆ ಮೂಗು ಒರೆಸಿಕೊಳ್ಳುತ್ತ "ಹೂಂ ಅತ್ತೆ" ಅನ್ನುತ್ತಿದ್ದಳು. ತಂಗಿ ಬೈಯುತ್ತಲೇ ಅವಳ ಭುಜ ಹಿಡಿದು ಹಿತ್ತಲ ಬಾಗಿಲ ಮೆಟ್ಟಿಲು ಹತ್ತಿದಳು.