ಭಾವಿ ಅತ್ತೆಗೆಂದು ತಂದ ಅಣಬೆ

ಬಸ್ ಡ್ರೈವರ್ ಆಗಿದ್ದ ತಮ್ಮ ಬೆಳಬೆಳಗ್ಗೆ ಕಾಡು ಸುತ್ತಿ ಬಂದವನೇ ಚೀಲದ ತುಂಬ ಇದ್ದ ಹಳದಿ ಅಣಬೆಗಳನ್ನು ಅಕ್ಕನ ಹೊಲಿಗೆ ಮೇಜಿನ ಮೇಲೆ ಸುರಿದ. ಅವಳು ಯಾರದೋ ಲಂಗಕ್ಕೆ ನೆರಿಗೆ ಹಿಡಿಯುತ್ತಿದ್ದಳು.

“ಅಯ್ಯೋ, ಬಟ್ಟೆಗೆಲ್ಲ ಮಣ್ಣು ಮಾಡಿದೆಯಲ್ಲೋ!”

“ಬಟ್ಟೆ ಬಿಡೇ ಅಕ್ಕ. ಮಧ್ಯಾಹ್ನ ಅತ್ತೆ ಊಟಕ್ಕೆ ಬರ್ತಾರಲ್ಲ, ಹುರಿದು ಬಡಿಸು. ಬಾಯಿ ಚಪ್ಪರಿಸ್ಕೊಂಡು ಹೂಂ ಅಂತಾರೆ.”

ಅತ್ತೆ ಅಂದರೆ ಇನ್ನೂ ಆಗದ ಅತ್ತೆ. ಮಗಳು ಎಂದೋ ಒಪ್ಪಿದ್ದಳು. ತಾಯಿ ಮಾತ್ರ ‘ನೋಡೋಣ, ನೋಡೋಣ’ ಎಂದು ಎಳೆಯುತ್ತಲೇ ಇದ್ದರು.

ಅಕ್ಕನಿಗೂ ಬಾಯಲ್ಲಿ ನೀರೂರಿತು. ಆದರೂ ಕೇಳಿದಳು, “ಇದು ತಿನ್ನೋ ಅಣಬೇನೇ ಅಂತ ಹೇಗೆ ಹೇಳ್ತೀಯ?”

“ಈ ಅಣಬೆ ಪುಸ್ತಕದ ಚಿತ್ರದಲ್ಲಿ ಇರೋ ಹಾಗೇ ಇದೆ ನೋಡು!” ಎಂದು ಚೀಲದಿಂದ ಪುಸ್ತಕ ತೆಗೆದುಕೊಟ್ಟ.

“ಚಿತ್ರ ನೋಡಿದೆ ಸರಿ, ಕೆಳಗೆ ಬರೆದದ್ದನ್ನ ಓದಿದ್ಯಾ?”

ಓದಿರಲಿಲ್ಲ. ಅವಳೇ ಓದಿದಳು. ತಿನ್ನುವ ಜಾತಿಯದು ಮಣ್ಣಿನಲ್ಲಿ ಬಿಡಿಬಿಡಿಯಾಗಿ ಏಳುತ್ತದೆ, ಒಳಗೆ ಬೆಳ್ಳಗಿರುತ್ತದೆ, ಕೊಡೆಯ ಅಡಿಯ ಗೆರೆಗಳು ಮೈಗೇ ಅಂಟಿದ ಉಬ್ಬುಗಳು. ಅವಳು ಅಣಬೆಯನ್ನು ಬೋರಲು ಹಾಕಿ ಸೂಜಿಯ ಮೊನೆ ಆಡಿಸಿದಳು. ತೆಳ್ಳನೆಯ ಹಾಳೆಯೊಂದು ಸಲೀಸಾಗಿ ಬಿಟ್ಟುಕೊಂಡಿತು. ಮುರಿದರೆ ಒಳಗೂ ಹಳದಿ.

“ಎಲ್ಲಿ ಕಿತ್ತೆ?”

ತಮ್ಮನ ದನಿ ಇಳಿಯಿತು. “ಕೊಳೆತ ಮರದ ಬುಡದಲ್ಲಿ. ಗೊಂಚಲು ಗೊಂಚಲಾಗಿತ್ತು.”

ಪುಟ ತಿರುವಿದರೆ ಅದೇ ಗೊಂಚಲು: ವಿಷದ್ದು, ತಿಂದರೆ ವಾಂತಿ, ಹೊಟ್ಟೆನೋವು.

“ಚೆನ್ನಾಗಿ ಬೇಯಿಸಿದ್ರೆ?”

“ಬೇಯಿಸಿದ್ರೂ ವಿಷ ವಿಷವೇ ಕಣೋ ಪೆದ್ದ!”

ಅಣಬೆ ಕಸದ ಡಬ್ಬ ಸೇರಿತು. ತಮ್ಮನ ಸಪ್ಪೆ ಮೋರೆ ನೋಡಿ ಅಕ್ಕನಿಗೆ ಅಯ್ಯೋ ಅನಿಸಿತು. ಮೇಜು ಒರೆಸಿ, ಕೈ ತೊಳೆದು, ಇದ್ದ ಆಲೂಗಡ್ಡೆಯನ್ನೇ ಘಮಘಮ ಹುರಿದಳು.

ಊಟಕ್ಕೆ ಕೂತ ಅತ್ತೆ, “ಅಣಬೆ ಅಂತಿದ್ಯಲ್ಲಪ್ಪ ಫೋನಲ್ಲಿ?” ಎಂದರು.

ಮಾರ್ಕೆಟ್ಟಿನಲ್ಲಿ ಸಿಗಲಿಲ್ಲ ಅನ್ನೋ ಎಂದು ಅಕ್ಕ ಕಣ್ಣಲ್ಲೇ ಹೇಳಿದಳು. ಅವನ ಹೊಟ್ಟೆಯಲ್ಲಿ ಮಾತು ನಿಂತರೆ ತಾನೇ? ಮರದ ಬುಡದಿಂದ ಕಸದ ಡಬ್ಬದವರೆಗೆ ಒಂದೂ ಬಿಡದೆ ಒಪ್ಪಿಸಿದ. ಕೂಡಿಬರುತ್ತಿದ್ದ ಸಂಬಂಧ ಕೆಟ್ಟಿತು ಎಂದುಕೊಂಡಳು ಅಕ್ಕ.

ಅತ್ತೆ ಚಮಚ ಕೆಳಗಿಟ್ಟರು. ಮರುಕ್ಷಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನನ್ನನ್ನ ಇವತ್ತೇ ಆಸ್ಪತ್ರೆಗೆ ಸೇರಿಸ್ತಿದ್ದೆ ಅನ್ನು!” ಎಂದವರೇ ಅಕ್ಕನ ಕಡೆ ತಿರುಗಿದರು. “ಇವನಿಗೆ ಅಣಬೆ ಗುರುತಿಸೋಕೂ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ. ಎರಡನೇದು ಬರದಿದ್ರೆ ನನಗೆ ಸಾಕಮ್ಮ. ಮದುವೆ ಮಾತು ಮುಗಿಸಿಬಿಡೋಣ.”

ತಮ್ಮನಿಗೆ ತುತ್ತು ನೆತ್ತಿಗೇರಿ ಕೆಮ್ಮು ಬಂತು. ಅಕ್ಕ ನಗುತ್ತಾ ನೀರಿನ ಲೋಟ ಮುಂದೆ ತಳ್ಳಿದಳು.