ಕೆಂಚನ ಹಲ್ಲಿಗೊಂದು ತಿಂಡಿ

ಯಾವ ನಾಯಿಯನ್ನೂ ಎಂದೂ ಕಟ್ಟಿ ಹಾಕುವುದಿಲ್ಲ ಎಂದು ಶ್ಯಾಮಲಮ್ಮ ಅಪ್ಪನಿಗೆ ಮಾತು ಕೊಟ್ಟಾಗ ಅವಳಿನ್ನೂ ಲಂಗ ಉಡುವ ಹುಡುಗಿ. ಕೈವಾರದ ಬೆಟ್ಟದ ಬುಡದ ಹೊಲದಲ್ಲಿ ಅಪ್ಪ ಕಾವಲಿಗೆಂದು ಗೂಟಕ್ಕೆ ಕಟ್ಟಿದ್ದ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಗೂಟ ಇತ್ತು, ಹರಿದ ಹಗ್ಗ ಇತ್ತು. "ಓಡೋಕೆ ಕಾಲಿತ್ತಲ್ಲಮ್ಮ ಅದಕ್ಕೆ. ನಾನೇ ಕಟ್ಟಾಕಿದ್ದೆ," ಎಂದು ಅಪ್ಪ ಆ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಹೇಳಿ, ಮಗಳಿಂದ ಭಾಷೆ ತೆಗೆದುಕೊಂಡಿದ್ದ.

ಆ ಅಪ್ಪ ತೀರಿಕೊಂಡದ್ದು ಕನ್ನಡ ನಾಡೆಲ್ಲ ಒಂದೇ ರಾಜ್ಯವಾದ ಮಾರನೇ ವರ್ಷ. ತಿಥಿ ಮುಗಿಸಿ ಶ್ಯಾಮಲಮ್ಮ ಶಿಡ್ಲಘಟ್ಟದ ಪಕ್ಕದ ಗಂಡನ ಊರಿಗೆ ಹೊರಟಾಗ, ಅಣ್ಣ ಅಪ್ಪನ ನಾಯಿಯ ಮರಿಯೊಂದನ್ನು ಅವಳ ಮಡಿಲಿಗೆ ಹಾಕಿದ. ತವರಿನಿಂದ ಅವಳು ತಂದದ್ದು ಅದೊಂದೇ. ಕೆಂಚ ಎಂದು ಹೆಸರಿಟ್ಟಳು.

ಕೆಂಚನಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವುದಕ್ಕೂ, ಮನೆಯಲ್ಲಿ ರೇಷ್ಮೆ ಹುಳು ಕೊನೇ ಜ್ವರದ ನಿದ್ದೆಯಿಂದ ಎದ್ದು ಪೊರೆ ಕಳಚಿ ಮೇವಿಗೆ ಬಾಯಿ ಬಿಡುವುದಕ್ಕೂ ಸರಿಹೋಯಿತು. ಹುಳು ಆ ಹಂತಕ್ಕೆ ಬಂತೆಂದರೆ ಮನೆ ಹುಳದ್ದೇ. ಪಡಸಾಲೆ, ನಡುಮನೆ ತುಂಬ ತಟ್ಟೆಗಳು. ಮನುಷ್ಯರಿಗೆ ಉಳಿಯುವುದು ಒಲೆಯ ಮುಂದಿನ ಜಾಗ. ಒಗ್ಗರಣೆ ಹಾಕುವಂತಿಲ್ಲ, ಮಾಂಸ ತರುವಂತಿಲ್ಲ, ನೆಂಟರು ಬರುವಂತಿಲ್ಲ. ವಾಸನೆ ತಾಕಿದರೆ ಹುಳಕ್ಕೆ ರೋಗ. ಸೊಪ್ಪು ಹಾಕುವವಳಂತೂ ಬೀದಿಯ ಹೊಸಲು ದಾಟುವ ಹಾಗೇ ಇಲ್ಲ. ಹಗಲೆನ್ನದೆ ರಾತ್ರಿಯೆನ್ನದೆ ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ಸೊಪ್ಪು. ಸಾವಿರಾರು ಬಾಯಿಗಳು ಎಲೆ ಕತ್ತರಿಸುವ ಸದ್ದು ಮಳೆ ಹುಯ್ದ ಹಾಗೆ ಕಿವಿಯೊಳಗೇ ಕೂತುಬಿಡುತ್ತಿತ್ತು. ಅವಳ ಜೊತೆಗೆ ಕೆಂಚನಿಗೂ ಅದೇ ಸೆರೆ. ಬೀದಿಗೆ ಬಿಟ್ಟರೆ ಏನನ್ನೋ ಮೂಸಿ ಬರುತ್ತದೆಂದು ಅತ್ತೆ ಚಿಕ್ಕವೆಂಕಟಮ್ಮ ಅದನ್ನು ಹಿತ್ತಲ ಗೋಡೆ ದಾಟಗೊಡುತ್ತಿರಲಿಲ್ಲ.

ಕೆಂಚ ಸಿಕ್ಕಿದ್ದನ್ನೆಲ್ಲ ಕಡಿಯತೊಡಗಿದ.

"ಏಮಮ್ಮಾ ಶ್ಯಾಮಲಾ, ನಿನ್ ತಮ್ಮ ನನ್ ಮೊರದ ಅಂಚು ತಿಂದವ್ನೆ. ನಾಳೆ ನನ್ ಕಾಲು ತಿಂತಾನೆ."

"ಹಲ್ಲು ಬರ್ತಾ ಅವೆ ಅತ್ತೆ. ಒಸಡು ನವೆ ಅದಕ್ಕೆ."

"ನನಗೂ ಹಲ್ಲು ಬಂದಿದ್ವು. ನಾನ್ಯಾರ ಮೊರ ತಿಂದೆ? ಕಟ್ಟಾಕು."

"ಕಟ್ಟಲ್ಲ ಅತ್ತೆ. ಅಪ್ಪನಿಗೆ ಮಾತು ಕೊಟ್ಟಿದ್ದೀನಿ."

"ಹಂಗಾದ್ರೆ ಅದರ ಬಾಯಿಗೆ ಏನಾದ್ರೂ ಕೊಡು. ಹುಳದ ಬೆಳೆ ಮೇಲೆ ಬಾಯಿ ಹಾಕ್ತೋ, ಸಂತೆ ಗಾಡೀಲಿ ಎತ್ತಾಕಿ ಚಿಂತಾಮಣಿ ದಾಟಿಸಿಬಿಡ್ತೀನಿ."

ಬೇರೆ ಕಾಲವಾಗಿದ್ದರೆ ಒಂದು ಮೂಳೆ ಸಾಕಿತ್ತು. ಈಗ ಮೂಳೆಯ ಹೆಸರೆತ್ತುವಂತಿಲ್ಲ. ರಾಗಿ ರೊಟ್ಟಿಯನ್ನು ಕೆಂಡದ ಪಕ್ಕ ಇಟ್ಟು ಹಪ್ಪಳದ ಹಾಗೆ ಒಣಗಿಸಿ ಕೊಟ್ಟಳು. ಕೆಂಚ ಎರಡೇ ಗುಕ್ಕಿಗೆ ನುಂಗಿ ಮತ್ತೆ ಅವಳ ಮುಖ ನೋಡಿದ. ತೆಂಗಿನ ಚಿಪ್ಪು ಕೊಟ್ಟಳು. ಚೂರು ಚುಚ್ಚಿ ಒಸಡಲ್ಲಿ ರಕ್ತ ಬಂತು. ಕಬ್ಬಿನ ತುಂಡು ಕೊಟ್ಟಳು. ಆಹಾ, ಮಧ್ಯಾಹ್ನವಿಡೀ ಅದನ್ನು ಕಾಲಲ್ಲಿ ಒತ್ತಿ ಹಿಡಿದು ಜಗಿದ! ಸಂಜೆಗೆ ಸಿಪ್ಪೆಯ ಮೇಲೆ ಇರುವೆ ಸಾಲು. ಸಾಲು ನಡುಮನೆಯ ಕಡೆಗೆ. ತಟ್ಟೆಗಳ ಅಡಿಯ ನೀರಿನ ಬಟ್ಟಲು ತುಂಬಿಸಿ, ಸುತ್ತ ಬೂದಿ ಹಾಕಿ, ಅತ್ತೆ ಕಾಣುವುದರೊಳಗೆ ಗುಡಿಸಿ ಮುಗಿಸುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಯಿತು. ಕಡೆಗೆ ಎಲೆ ಬಿಡಿಸಿ ಎಸೆದ ಹಿಪ್ಪುನೇರಳೆ ಕಡ್ಡಿ ಕೊಟ್ಟಳು. ಮೆತ್ತನೆ ತೊಗಟೆ, ಚುಚ್ಚದ ನಾರು, ಕೆಂಚ ಒಪ್ಪಿಕೊಂಡ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು.

ಆದರೆ ಗಂಡ ರಾಮಾಂಜಿನಪ್ಪ ಶಿಡ್ಲಘಟ್ಟದಿಂದ ಬರುವಾಗ ಟವಲಿನ ಗಂಟಲ್ಲಿ, ಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಬೆಂದ ಹುಳುಗಳನ್ನು ತಂದ.

"ನೂಲು ಬಿಚ್ಚೋ ಮನೆ ಹತ್ರ ರಾಶಿ ಬಿದ್ದಿತ್ತು. ನಾಯಿಗೆ ಇದೇ ಹಬ್ಬ ಕಣೇ."

"ವಾಸನೆ ಹೊಡೀತದೆ. ಅತ್ತೆ ಏನಂತಾರೋ."

ಅತ್ತೆ ಗಂಟನ್ನು ಮೂಸಿ ನೋಡಿದಳು. "ಹುಳದ ವಾಸನೆ ಹುಳಕ್ಕೇನು ಮಾಡ್ತದೆ? ಕೊಡು," ಎಂದಳು.

ಶ್ಯಾಮಲಮ್ಮ ಅವನ್ನು ಹಿತ್ತಲ ಬಿಸಿಲಲ್ಲಿ ಒಣಗಿಸಿ ಮಡಕೆಯಲ್ಲಿಟ್ಟಳು. "ಕೂತ್ಕೊಳ್ಳಪ್ಪ" ಎಂದರೆ ಕೆಂಚ ಕೂರುವನು, ಒಂದು ಹುಳು. ಸುಮ್ಮನಿದ್ದರೆ ಇನ್ನೊಂದು. ಮೊರ ಉಳಿಯಿತು, ಚಪ್ಪಲಿ ಉಳಿಯಿತು. ಸೊಪ್ಪು ಹಾಕಿ ಹಾಕಿ ಸೋತ ಕೈಯಿಂದ ಆ ಒಂದು ಹುಳು ಕೊಡುವಾಗ ಮಾತ್ರ ಅವಳಿಗೆ ನಗು ಬರುತ್ತಿತ್ತು.

ಹುಳು ಹಣ್ಣಾದವು. ಮೈ ಬಂಗಾರವಾಗಿ ನೂಲು ಬಿಡತೊಡಗಿದವುಗಳನ್ನು ಆರಿಸಿ, ಬಿದಿರಿನ ಚಾಪೆಯಂಥ ಚಂದ್ರಿಕೆಗಳ ಮೇಲೆ ಬಿಟ್ಟು, ಗಾಳಿಯಾಡಲೆಂದು ಹಿತ್ತಲ ಗೋಡೆಗೆ ಒರಗಿಸಿದರು. ಗೂಡು ಕಟ್ಟಿ ಮುಗಿದ ದಿನ ಅವಳು ಒಳಗೆ ಖಾಲಿ ತಟ್ಟೆಗಳ ಹಿಕ್ಕೆ ಬಳಿಯುತ್ತಿದ್ದಳು. ಹಿತ್ತಲು ನಿಶ್ಶಬ್ದ. ಕೆಂಚ ಮಲಗಿದ್ದಾನೆ ಎಂದುಕೊಂಡಳು.

ಹೊರಗೆ ಬಂದು ನೋಡಿದರೆ ಒಂದು ಚಂದ್ರಿಕೆ ನೆಲಕ್ಕೆ ಬಿದ್ದಿದೆ. ಬಿದಿರು ಸೀಳಿದೆ, ಗೂಡುಗಳು ಹತ್ತಿಯ ಹಾಗೆ ಹರಿದು ಹರಡಿವೆ, ಒಂದರಲ್ಲೂ ಹುಳವಿಲ್ಲ. ಕೆಂಚ ಎರಡನೇ ಚಂದ್ರಿಕೆಯ ಮುಂದೆ, ಅವಳು ಕಲಿಸಿದ ಹಾಗೆಯೇ ಅಚ್ಚುಕಟ್ಟಾಗಿ ಕೂತು, ಬಾಲ ಬಡಿಯುತ್ತ ಅವಳ ಕೈಯನ್ನೇ ನೋಡುತ್ತಿದ್ದ.

"ಅಯ್ಯೋ ದೇವುಡಾ!" ಅತ್ತೆಯ ಕೂಗಿಗೆ ರಾಮಾಂಜಿನಪ್ಪ ಓಡಿ ಬಂದ. ಅತ್ತೆ ಮಗನತ್ತ ತಿರುಗಿದಳು. "ರುಚಿ ಹತ್ತಿಸಿದೋರು ನಾವೇ ಕಣೋ. ಇನ್ನು ಬಿಡ್ತದಾ? ಕಟ್ಟಿ, ಇಲ್ಲಾ ಇವತ್ತೇ ಗಾಡಿಗೆ ಹಾಕಿ."

"ನಮ್ಮಣ್ಣನ ಮನೆಗಾದ್ರೂ ಬಿಟ್ಟು ಬನ್ನಿ," ಎಂದಳು ಶ್ಯಾಮಲಮ್ಮ.

"ಗೂಡು ಬಿಡಿಸೋದು ಬಿಟ್ಟು ನಾಯಿ ಹೊತ್ಕೊಂಡು ಬಸ್ ಹತ್ಲಾ? ಗೂಡು ಮಾರೋವರ್ಗೂ ಕಟ್ಟಿರು ಸಾಕು," ಎಂದ ರಾಮಾಂಜಿನಪ್ಪ.

ಗೂಡು ಮಾರಿದ ಬೆನ್ನಿಗೇ ಮುಂದಿನ ಬೆಳೆಯ ಮೊಟ್ಟೆ ಮನೆಗೆ ಬರುತ್ತವೆ ಎಂಬುದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಆಮೇಲೆ ಮತ್ತೆ ಜ್ವರ, ಮತ್ತೆ ಸೊಪ್ಪು, ಮತ್ತೆ ಗೂಡು.

ಶ್ಯಾಮಲಮ್ಮ ಸೊಪ್ಪಿನ ಹೊರೆ ಕಟ್ಟುವ ಹಗ್ಗ ತಂದಳು. "ಕೂತ್ಕೊಳ್ಳಪ್ಪ" ಎಂದಳು. ಕೆಂಚ ಆಗಲೇ ಕೂತಿದ್ದ. ಮುಂದೆ ಒಂದು ಹಿಪ್ಪುನೇರಳೆ ಕಡ್ಡಿ ಹಾಕಿದಳು. ಅವನು ಮೂಸಿ ಬಿಟ್ಟ. ಹಿತ್ತಲ ಕಂಬಕ್ಕೆ ಅವನನ್ನು ಕಟ್ಟಿ, ಹಿಕ್ಕೆ ಬಳಿಯಲು ಒಳಗೆ ಹೋದಳು. ಅಪ್ಪನಿಗೆ ಕೊಟ್ಟ ಮಾತನ್ನು ಅವಳು ಮುರಿದಳು.